ದುಡ್ಡು ಕಡಿಮೆ, ಊರು ಸುತ್ತುವ ಆಸೆ ಜಾಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನ ಹುಡುಗ ಹುಡುಗಿಯರು, ಈಗಷ್ಟೇ ಕೆಲಸಕ್ಕೆ ಸೇರಿದವರು, ಇನ್ನೂ ಕೆಲಸ ಹುಡುಕುತ್ತಿರುವವರು ಮಾತಿನಲ್ಲಿ, ಪತ್ರದಲ್ಲಿ, ಮೆಸೇಜಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ. ನನ್ನ ನಂಬಿಕೆ ಇಷ್ಟು: ಕೈಯಲ್ಲಿ ಕಾಸಿಲ್ಲದವರು ಓಡಾಡುವುದಕ್ಕೆ ಈ ದೇಶದಲ್ಲಿ ಮೊದಲಿನಿಂದಲೂ ವ್ಯವಸ್ಥೆ ಇದೆ. ಜನರಲ್ ಬೋಗಿ, ಛತ್ರ, ದಾಸೋಹ, ಯೂತ್ ಹಾಸ್ಟೆಲ್ ಎಲ್ಲವೂ ಅದಕ್ಕೇ ಹುಟ್ಟಿದವು. ಅವನ್ನು ತಿಳಿದುಕೊಂಡು ಮರ್ಯಾದೆಯಿಂದ ಬಳಸಬೇಕು. ಇಲ್ಲಿ ಹೇಳಿದ ದರಗಳು ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

## ಮೊದಲ ಸಲ ಹೊರಡುವವರಿಗೆ

ಕೈಯಲ್ಲಿ ಎರಡು ಸಾವಿರ ಇದೆ. ಇಷ್ಟರಲ್ಲಿ ಎಲ್ಲಾದ್ರೂ ಹೋಗಿ ಬರೋಕಾಗುತ್ತಾ?

ಆಗುತ್ತದೆ. ಬೆಂಗಳೂರಿನಲ್ಲಿದ್ದರೆ ಹಂಪಿಯಿಂದ ಶುರು ಮಾಡಿ. ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಸ್ಲೀಪರ್ ಟಿಕೆಟ್ ಸುಮಾರು 250ರಿಂದ 300 ರೂಪಾಯಿ. ಹೊಸಪೇಟೆ ಸ್ಟೇಷನ್‌ನಿಂದ ಬಸ್ ನಿಲ್ದಾಣಕ್ಕೆ ನಡೆದೇ ಹೋಗಬಹುದು. ಅಲ್ಲಿಂದ ಹಂಪಿ ಸುಮಾರು 13 ಕಿ.ಮೀ., ಸರ್ಕಾರಿ ಬಸ್ಸು ಓಡಾಡುತ್ತಲೇ ಇರುತ್ತದೆ. ಶನಿವಾರ ಒಂದೇ ರಾತ್ರಿ ಉಳಿಯಬೇಕು. ಇಬ್ಬರು ಸೇರಿ ಒಂದು ರೂಮ್ ಮಾಡಿದರೆ ತಲೆಗೆ 400–500. ಬಾಡಿಗೆ ಸೈಕಲ್, ಎರಡು ದಿನದ ಊಟ ತಿಂಡಿ ಸೇರಿ 700. ಭಾನುವಾರ ರಾತ್ರಿ ಅದೇ ರೈಲಿನಲ್ಲಿ ವಾಪಸ್, ಸೋಮವಾರ ಬೆಳಿಗ್ಗೆ ಮನೆ. ಎರಡು ರಾತ್ರಿ ರೈಲಿನಲ್ಲೇ ಕಳೆಯುವುದರಿಂದ ರೂಮಿನ ಖರ್ಚು ಉಳಿಯಿತು ನೋಡಿ.

ಹಂಪಿಯಲ್ಲಿ ನೋಡುವುದಕ್ಕೆ ಹೆಚ್ಚು ಖರ್ಚಿಲ್ಲ. ಹೇಮಕೂಟ, ಮಾತಂಗ ಬೆಟ್ಟ, ಅಚ್ಯುತರಾಯ ದೇವಸ್ಥಾನ, ನದಿ ದಂಡೆಯ ದಾರಿ ಎಲ್ಲವೂ ಉಚಿತ. ವಿಜಯ ವಿಠ್ಠಲ ದೇವಸ್ಥಾನಕ್ಕೆ 40 ರೂಪಾಯಿ ಟಿಕೆಟ್ ಇದೆ. ಅದೇ ದಿನ ಅದೇ ಟಿಕೆಟಿನಲ್ಲಿ ಕಮಲ ಮಹಲಿನ ಆವರಣಕ್ಕೂ ಹೋಗಬಹುದು. ಆದ್ದರಿಂದ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಿ. ಕಮಲಾಪುರದ ಮ್ಯೂಸಿಯಂಗೆ ಶುಕ್ರವಾರ ರಜೆ.

ಹಂಪಿ ನೋಡಿಯಾಯ್ತು. ಇದೇ ಥರ ಇನ್ನೊಂದು ಜಾಗ ಹೇಳಿ.

ಬಾದಾಮಿ, ಪಟ್ಟದಕಲ್ಲು, ಐಹೊಳೆ. ದಕ್ಷಿಣ ಕರ್ನಾಟಕದ ಎಷ್ಟೋ ಹುಡುಗರು ಗೋವಾ ನೋಡಿರುತ್ತಾರೆ, ಬಾದಾಮಿ ನೋಡಿರುವುದಿಲ್ಲ. ಅದು ನನಗೆ ಬೇಜಾರಿನ ವಿಷಯ. ಮೈಸೂರಿನಿಂದ ಬೆಂಗಳೂರು ಮೇಲೆ ಹೋಗುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಬಾದಾಮಿಯಲ್ಲಿ ನಿಲ್ಲುತ್ತದೆ. ಸ್ಟೇಷನ್‌ನಿಂದ ಊರು ಸುಮಾರು 5 ಕಿ.ಮೀ., ಶೇರ್ ಆಟೋ ಸಿಗುತ್ತದೆ. ಮೊದಲ ದಿನ ಬಾದಾಮಿಯ ಗುಹೆಗಳು, ಅಗಸ್ತ್ಯ ತೀರ್ಥದ ದಂಡೆಯ ಭೂತನಾಥ ಗುಡಿ, ಎದುರಿನ ಬೆಟ್ಟದ ಕೋಟೆ. ಮರುದಿನ ಬಸ್ಸಿನಲ್ಲಿ ಪಟ್ಟದಕಲ್ಲು, ಅಲ್ಲಿಂದ ಐಹೊಳೆ. ಬಸ್ಸುಗಳು ಕಡಿಮೆ, ಬೆಳಿಗ್ಗೆ ಬೇಗ ಹೊರಡಬೇಕು. ಇಳಿದ ತಕ್ಷಣ ವಾಪಸ್ ಬಸ್ಸಿನ ಸಮಯ ಕಂಡಕ್ಟರ್ ಹತ್ತಿರ ಕೇಳಿ ಬರೆದುಕೊಳ್ಳಿ.

ಊಟಕ್ಕೆ ಖಾನಾವಳಿ ಹುಡುಕಿ. ಜೋಳದ ರೊಟ್ಟಿ, ಎರಡು ಪಲ್ಯ, ಶೇಂಗಾ ಚಟ್ನಿ, ಮೊಸರು, ಅನ್ನ ಸಾರು. ಹೊಟ್ಟೆ ತುಂಬುವವರೆಗೂ ಬಡಿಸುತ್ತಾರೆ. ಮಧ್ಯಾಹ್ನ ಹಾಗೆ ಉಂಡರೆ ರಾತ್ರಿಗೆ ಬಾಳೆಹಣ್ಣು, ಮಜ್ಜಿಗೆ ಸಾಕು. ಇನ್ನೊಂದು ದಿನ ಕೈಯಲ್ಲಿದ್ದರೆ ಅದೇ ರೈಲು ಮಾರ್ಗದಲ್ಲಿ ಮುಂದೆ ವಿಜಯಪುರ. ಏಪ್ರಿಲ್, ಮೇನಲ್ಲಿ ಮಾತ್ರ ಹೋಗಬೇಡಿ. ಆ ಕಲ್ಲಿನ ಬಿಸಿಲು ಹೊಸಬರಿಗೆ ತಡೆಯುವುದಿಲ್ಲ.

ಮನೇಲಿ ಬಿಡಲ್ಲ. ಸುಳ್ಳು ಹೇಳಿ ಹೋಗ್ಲಾ?

ಬೇಡ. ದಾರಿಯಲ್ಲಿ ಏನಾದರೂ ಆದರೆ ನೀವು ಎಲ್ಲಿದ್ದೀರಿ ಅಂತ ಮನೆಯವರಿಗೆ ಗೊತ್ತಿರಲೇಬೇಕು. ಮನೆಯವರು ಬೇಡ ಅನ್ನುವುದು ಸಾಮಾನ್ಯವಾಗಿ ಊರಿನ ಬಗ್ಗೆ ಅಲ್ಲ, ಎಲ್ಲಿ ಉಳಿಯುತ್ತೀರಿ, ಯಾರ ಜೊತೆ, ಯಾವಾಗ ಬರುತ್ತೀರಿ ಅನ್ನುವುದು ಗೊತ್ತಿಲ್ಲದೆ. ರೈಲಿನ ಹೆಸರು, ಉಳಿಯುವ ಜಾಗದ ಫೋನ್ ನಂಬರ್, ಜೊತೆಗಿರುವವರ ನಂಬರ್, ಖರ್ಚಿನ ಲೆಕ್ಕ ಒಂದು ಹಾಳೆಯಲ್ಲಿ ಬರೆದು ಅಪ್ಪ ಅಮ್ಮನ ಕೈಗೆ ಕೊಡಿ. ಮೊದಲ ಸಲ ಒಂದೇ ರಾತ್ರಿಯ ಪ್ರವಾಸ ಕೇಳಿ. ಹೇಳಿದ ಹೊತ್ತಿಗೆ ಫೋನ್ ಮಾಡಿ, ಹೇಳಿದ ದಿನ ಬನ್ನಿ. ಎರಡನೇ ಸಲ ಕೇಳುವುದು ಸುಲಭವಾಗುತ್ತದೆ. ನೆಂಟರ ಊರಿನಿಂದ ಶುರು ಮಾಡುವುದೂ ಒಳ್ಳೆಯದೇ. ಶಿರಸಿಯಲ್ಲಿ ಚಿಕ್ಕಮ್ಮ ಇದ್ದರೆ ಯಾಣ, ಬನವಾಸಿ, ಸಹಸ್ರಲಿಂಗ ಮೂರೂ ಆಗುತ್ತದೆ. ಉಳಿಯುವ ಖರ್ಚೂ ಇಲ್ಲ, ಚಿಕ್ಕಮ್ಮನಿಗೂ ಖುಷಿ.

## ಓಡಾಟ

ಜನರಲ್ ಬೋಗಿಯಲ್ಲಿ ದೂರ ಹೋಗೋದು ನಿಜವಾಗ್ಲೂ ಸಾಧ್ಯನಾ?

ಏಳೆಂಟು ಗಂಟೆಯವರೆಗೆ ಸಾಧ್ಯ. ಅದಕ್ಕಿಂತ ಜಾಸ್ತಿಯಾದರೆ, ಅದರಲ್ಲೂ ರಾತ್ರಿ, ಸ್ಲೀಪರ್‌ಗೆ ದುಡ್ಡು ಕೊಡಿ. ಮರುದಿನ ಪೂರ್ತಿ ನಿದ್ದೆಗೆಟ್ಟು ಒದ್ದಾಡಿದರೆ ಉಳಿಸಿದ ನೂರೈವತ್ತು ರೂಪಾಯಿಗೆ ಅರ್ಥ ಇರುವುದಿಲ್ಲ.

ಹಗಲು ರೈಲಿಗೆ ಜನರಲ್ ಟಿಕೆಟ್ ಬಹಳ ಒಳ್ಳೆಯದು. ಹತ್ತುವುದಾದರೆ ರೈಲು ಹೊರಡುವ ಮೊದಲ ಸ್ಟೇಷನ್‌ನಲ್ಲೇ ಹತ್ತಿ, ಅರ್ಧ ಗಂಟೆ ಮುಂಚೆ ಹೋಗಿ. ಟಿಕೆಟನ್ನು ಮೊಬೈಲಿನಲ್ಲೇ ತೆಗೆಯಬಹುದು. ಯೂಟಿಎಸ್ ಆಪ್ ಇತ್ತು, 2025ರ ಜುಲೈನಲ್ಲಿ ರೈಲ್ವೆಯವರು ರೈಲ್‌ಒನ್ ಅನ್ನುವ ಹೊಸ ಆಪ್ ತಂದರು. ಪ್ಲಾಟ್‌ಫಾರ್ಮ್ ತಲುಪಿದ ಮೇಲೆ ಆಪ್ ಟಿಕೆಟ್ ಕೊಡದೇ ಇರಬಹುದು, ಆದ್ದರಿಂದ ಸ್ಟೇಷನ್‌ಗೆ ಬರುವ ಮುಂಚೆಯೇ ತೆಗೆದುಬಿಡಿ. 200 ಕಿ.ಮೀ.ಗಿಂತ ಕಡಿಮೆ ದೂರದ ಜನರಲ್ ಟಿಕೆಟ್ ತೆಗೆದರೆ ಮೂರು ಗಂಟೆಯೊಳಗೆ ಪ್ರಯಾಣ ಶುರು ಮಾಡಬೇಕು. ಅದಕ್ಕಿಂತ ದೂರದ ಟಿಕೆಟನ್ನು ಮೂರು ದಿನ ಮೊದಲೇ ಕೌಂಟರ್‌ನಲ್ಲಿ ಕೊಳ್ಳಬಹುದು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ 57 ಸುರಂಗಗಳಿವೆ. ಆ ದಾರಿಯನ್ನು ಹಗಲು ರೈಲಿನ ಕಿಟಕಿಯಿಂದ ನೋಡಬೇಕು. ಗಾಜಿನ ವಿಸ್ಟಾಡೋಮ್ ಬೋಗಿಗೆ ಕೊಡುವ ದುಡ್ಡಿನ ಸಣ್ಣ ಪಾಲಿನಲ್ಲಿ ಅದೇ ಕಾಡು, ಅದೇ ಹೊಳೆ ಕಾಣುತ್ತದೆ. ಹಳಿ ಮೇಲೆ ನಡೆಯುವ ಟ್ರೆಕ್ ಮಾತ್ರ ಬೇಡವೇ ಬೇಡ. ಅದಕ್ಕೆ ನಿಷೇಧ ಇದೆ, ಜೀವಕ್ಕೂ ಅಪಾಯ.

ಉತ್ತರದ ಕಡೆ, ಬಂಗಾಳದ ಕಡೆ ಹೋಗುವವರು ಅಮೃತ್ ಭಾರತ್ ರೈಲುಗಳನ್ನು ನೋಡಿ. ಅವುಗಳಲ್ಲಿ ಎಸಿ ಬೋಗಿಯೇ ಇಲ್ಲ, ಇರುವುದೆಲ್ಲ ಸ್ಲೀಪರ್ ಮತ್ತು ಜನರಲ್. ಮೊದಲು ಬಂದ ಎರಡರಲ್ಲಿ ಒಂದು ನಮ್ಮ ಬೆಂಗಳೂರಿನಿಂದ ಮಾಲ್ಡಾಕ್ಕೆ ಹೋಗುತ್ತದೆ.

ಯಾವಾಗ ನೋಡಿದ್ರೂ ವೇಟಿಂಗ್ ಲಿಸ್ಟು. ತತ್ಕಾಲ್‌ಗೆ ಜಾಸ್ತಿ ದುಡ್ಡು. ಬೇರೆ ದಾರಿ ಇದೆಯಾ?

ರಿಸರ್ವೇಶನ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್‌ಗೆ ಮುಂಚೆ 120 ದಿನ ಇತ್ತು. ದಸರಾ, ದೀಪಾವಳಿ, ಬೇಸಿಗೆ ರಜೆಗೆ ಹೋಗುವುದಾದರೆ ಆ ದಿನ ಬೆಳಿಗ್ಗೆಯೇ ಟಿಕೆಟ್ ಮಾಡಿ.

ತಡವಾಗಿದ್ದರೆ ಎರಡು ದಾರಿ. ಚಾರ್ಟ್, ಅಂದರೆ ಸೀಟು ಸಿಕ್ಕವರ ಪಟ್ಟಿ, ಆದ ಮೇಲೂ ಸೀಟು ಉಳಿದಿದ್ದರೆ ಅವನ್ನು ಕರೆಂಟ್ ಬುಕಿಂಗ್‌ನಲ್ಲಿ ಮಾರುತ್ತಾರೆ, ತತ್ಕಾಲ್ ಶುಲ್ಕ ಇರುವುದಿಲ್ಲ. ವಾರದ ನಡುವೆ ಹೊರಡುವವರಿಗೆ ಇದು ಎಷ್ಟೋ ಸಲ ಸಿಗುತ್ತದೆ. ಇನ್ನೊಂದು, ಹಗಲು ರೈಲಿನ ಸೆಕೆಂಡ್ ಸಿಟಿಂಗ್, ಅಂದರೆ ಕಾಯ್ದಿರಿಸಿ ಕೂತು ಹೋಗುವ ಸೀಟು. ಸ್ಲೀಪರ್‌ನಲ್ಲಿ ತತ್ಕಾಲ್‌ಗೆ 100ರಿಂದ 200 ರೂಪಾಯಿ ಜಾಸ್ತಿ ಬೀಳುತ್ತದೆ. ಸೆಕೆಂಡ್ ಸಿಟಿಂಗ್‌ನಲ್ಲಿ ಅದು ಬರೀ 10ರಿಂದ 15 ರೂಪಾಯಿ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಎಸಿ ಅಲ್ಲದ ದರ್ಜೆಗಳ ತತ್ಕಾಲ್ ಹಿಂದಿನ ದಿನ ಬೆಳಿಗ್ಗೆ 11ಕ್ಕೆ ತೆರೆಯುತ್ತದೆ. ನಿಮ್ಮ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿರಬೇಕು, ಅದನ್ನು ಇವತ್ತೇ ಮಾಡಿಟ್ಟುಕೊಳ್ಳಿ. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ದುಡ್ಡು ವಾಪಸ್ ಬರುವುದಿಲ್ಲ.

ಆರ್‌ಎಸಿ, ಅಂದರೆ ಪೂರ್ತಿ ಬರ್ತಿನ ಬದಲು ಕೂರುವ ಜಾಗ, ಸಿಕ್ಕರೆ ಹೆದರಬೇಡಿ. ಪಕ್ಕದ ಕೆಳ ಬರ್ತಿನಲ್ಲಿ ಇಬ್ಬರು ಕೂತು ಹೋಗಬಹುದು.

ವಿದ್ಯಾರ್ಥಿಗಳಿಗೆ ರೈಲಿನಲ್ಲಿ ರಿಯಾಯಿತಿ ಇದೆ ಅಂತಾರೆ. ನನಗೆ ಸಿಗುತ್ತಾ?

ಸುಮ್ನೆ ಊರು ಸುತ್ತುವುದಕ್ಕೆ ಸಿಗುವುದಿಲ್ಲ. ರಜೆಯಲ್ಲಿ ಸ್ವಂತ ಊರಿಗೆ ಹೋಗುವುದಕ್ಕೆ, ಮತ್ತು ಕಾಲೇಜಿನ ಶೈಕ್ಷಣಿಕ ಪ್ರವಾಸಕ್ಕೆ ಇದೆ. ಸೆಕೆಂಡ್ ಕ್ಲಾಸ್, ಸ್ಲೀಪರ್‌ನಲ್ಲಿ ಸಾಮಾನ್ಯವಾಗಿ ಅರ್ಧ ದರ, ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಇನ್ನೂ ಹೆಚ್ಚು. ಪ್ರಾಂಶುಪಾಲರ ಸಹಿ ಇರುವ ರಿಯಾಯಿತಿ ಪತ್ರವನ್ನು ಕೌಂಟರ್‌ನಲ್ಲಿ ಕೊಡಬೇಕು. 2020ರಲ್ಲಿ ರೈಲ್ವೆ ಎಷ್ಟೋ ರಿಯಾಯಿತಿಗಳನ್ನು ನಿಲ್ಲಿಸಿತು, ಆದರೆ ವಿದ್ಯಾರ್ಥಿಗಳದ್ದು ಉಳಿದಿದೆ. ನಿಮ್ಮ ಕಾಲೇಜಿನ ಇತಿಹಾಸ ಅಥವಾ ಭೂಗೋಳ ವಿಭಾಗದ ಮೇಷ್ಟ್ರ ಹತ್ತಿರ ಹೋಗಿ, 'ಸಾರ್, ಒಂದು ಪ್ರವಾಸ ಹಾಕಿ, ಓಡಾಟ ನಾವು ನೋಡಿಕೊಳ್ಳುತ್ತೇವೆ' ಅಂತ ಕೇಳಿ. ಮಕ್ಕಳೇ ಮುಂದೆ ಬಂದರೆ ಎಷ್ಟೋ ಮೇಷ್ಟ್ರುಗಳು ಒಪ್ಪುತ್ತಾರೆ.

ಶಕ್ತಿ ಯೋಜನೆಯಲ್ಲಿ ನಾನು ಎಲ್ಲಿಯವರೆಗೆ ಹೋಗಬಹುದು?

ಕರ್ನಾಟಕದ ಒಳಗೆ ಎಲ್ಲಿಯವರೆಗೆ ಬೇಕಾದರೂ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ನಾಲ್ಕೂ ಸರ್ಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದರ ಇಲ್ಲ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಬೇರೆ ರಾಜ್ಯಕ್ಕೆ ಹೋಗುವ ಬಸ್ಸಿಗೂ ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ಟಿಕೆಟ್ ತೆಗೆದುಕೊಳ್ಳದೆ ಕೂರಬೇಡಿ.

ಇದನ್ನು ಬರೀ ದೇವಸ್ಥಾನಕ್ಕೆ ಹೋಗುವ ಯೋಜನೆ ಅಂತ ನೋಡಬೇಡಿ. ಬೆಂಗಳೂರಿನಿಂದ ಶಿವಮೊಗ್ಗ, ಅಲ್ಲಿಂದ ಸಾಗರ, ಅಲ್ಲಿಂದ ಜೋಗ, ಹಾಗೇ ಕೆಳಗಿಳಿದರೆ ಹೊನ್ನಾವರ. ಇಷ್ಟೂ ಕೆಂಪು ಬಸ್ಸಿನಲ್ಲಿ ಆಗುತ್ತದೆ. ದೂರದ ಬಸ್ಸು ತುಂಬಿದ್ದರೆ ತಾಲ್ಲೂಕಿನಿಂದ ತಾಲ್ಲೂಕಿಗೆ ಬಸ್ಸು ಬದಲಿಸುತ್ತಾ ಹೋಗಿ. ನಿಧಾನ, ಆದರೆ ರಾಜ್ಯ ನಿಜವಾಗಿ ಕಾಣುವುದು ಹಾಗೇ. ನಮ್ಮ ಅಜ್ಜಿಯರ ಕಾಲದಲ್ಲಿ ಹೆಣ್ಣುಮಕ್ಕಳು ಗಂಡಸರ ಜೇಬು ನೋಡಿಕೊಂಡೇ ಹೊರಡಬೇಕಿತ್ತು. ಈಗ ಕೇಳುವ ಅಗತ್ಯ ಇಲ್ಲ. ಹೋಗಿ.

## ಊಟ, ಮಲಗುವ ಜಾಗ

ರಾತ್ರಿ ಎಲ್ಲಿ ಮಲಗೋದು? ಲಾಡ್ಜ್‌ಗೆ ಸಾವಿರ ಕೇಳ್ತಾರೆ.

ಲಾಡ್ಜ್ ಕೊನೆಗೆ ಇರಲಿ. ಮೊದಲು ಇವನ್ನು ನೋಡಿ.

ರೈಲ್ವೆ ಸ್ಟೇಷನ್‌ನ ಡಾರ್ಮಿಟರಿ ಮತ್ತು ರಿಟೈರಿಂಗ್ ರೂಮ್. ಕನ್ಫರ್ಮ್ ಅಥವಾ ಆರ್‌ಎಸಿ ಟಿಕೆಟ್ ಇದ್ದವರು ಅದರ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲಿ ಕಾಯ್ದಿರಿಸಬಹುದು. ಎಲ್ಲ ಸ್ಟೇಷನ್‌ನಲ್ಲೂ ಇರುವುದಿಲ್ಲ, ದೊಡ್ಡ ಜಂಕ್ಷನ್‌ಗಳಲ್ಲಿ ಇರುತ್ತದೆ. ರಾತ್ರಿ ಬೇಡ, ಸ್ನಾನ ಮಾಡಿ ಊರು ನೋಡಿ ಸಂಜೆ ಹೊರಡುವುದು ಅಂದರೆ ಕ್ಲೋಕ್ ರೂಮಿನಲ್ಲಿ ಬ್ಯಾಗ್ ಇಡಿ. ಬ್ಯಾಗಿಗೆ ಬೀಗ ಇರಲೇಬೇಕು, ಇಲ್ಲದಿದ್ದರೆ ಇಟ್ಟುಕೊಳ್ಳುವುದಿಲ್ಲ.

ಯೂತ್ ಹಾಸ್ಟೆಲ್. ಮೈಸೂರಿನಲ್ಲಿದೆ, ದೇಶದ ಬೇರೆ ಊರುಗಳಲ್ಲೂ ಇವೆ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾದ ಸದಸ್ಯತ್ವ ಮಾಡಿಸಿಕೊಂಡರೆ ಅವರ ಹಾಸ್ಟೆಲ್‌ಗಳಲ್ಲಿ ದರ ಕಡಿಮೆ. ಉತ್ತರಾಖಂಡದಲ್ಲಾದರೆ ಸರ್ಕಾರಿ ಪ್ರವಾಸಿ ಗೃಹಗಳಲ್ಲಿ ಡಾರ್ಮಿಟರಿ ಹಾಸಿಗೆ ಕೇಳಿ.

ಬ್ಯಾಕ್‌ಪ್ಯಾಕರ್ ಹಾಸ್ಟೆಲ್. 2013ರಲ್ಲಿ ಝೊಸ್ಟೆಲ್ ಅನ್ನುವ ಹಾಸ್ಟೆಲ್ ಕಂಪನಿ ಶುರುವಾದ ಮೇಲೆ ನಮ್ಮ ದೇಶದಲ್ಲಿ ಇವು ಹೆಚ್ಚಾದವು. ಗೋಕರ್ಣ, ಹಂಪಿ, ಮಡಿಕೇರಿ ಕಡೆ ಒಂದು ಹಾಸಿಗೆ ವಾರದ ನಡುವೆ 500ರ ಆಸುಪಾಸಿಗೆ ಸಿಗುತ್ತದೆ, ಶನಿವಾರ ದುಪ್ಪಟ್ಟಾಗಬಹುದು. ಇಲ್ಲಿ ಹಾಸಿಗೆಗಿಂತ ಮುಖ್ಯವಾದದ್ದು ಅಡುಗೆಮನೆ. ಅಡುಗೆ ಮಾಡಿಕೊಳ್ಳಲು ಬಿಡುತ್ತಾರಾ ಅಂತ ಮೊದಲೇ ಕೇಳಿ. ಊರಿನವರನ್ನು, ಅಂದರೆ ಅದೇ ಊರಿನ ವಿಳಾಸ ಇರುವವರನ್ನು ಕೆಲವು ಹಾಸ್ಟೆಲ್‌ಗಳು ಸೇರಿಸಿಕೊಳ್ಳುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಮಠ, ದೇವಸ್ಥಾನಗಳ ಯಾತ್ರಿ ನಿವಾಸ. ಧರ್ಮಸ್ಥಳದಲ್ಲಿ, ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ, ಬೀದರಿನ ಗುರು ನಾನಕ್ ಝೀರಾ ಗುರುದ್ವಾರದಲ್ಲಿ ಉಳಿಯುವ ವ್ಯವಸ್ಥೆ ಇದೆ. ಕಾಶಿಗೆ ಹೋದರೆ ಜಂಗಮವಾಡಿ ಮಠ ಇದೆ, ಅಲ್ಲಿ ಕನ್ನಡ ಕಿವಿಗೆ ಬೀಳುತ್ತದೆ.

ಒಬ್ಬನೇ ಹೋದ್ರೆ ರೂಮ್ ಇಲ್ಲ ಅಂತಾರೆ. ಯಾಕೆ?

ಯಾತ್ರಾಸ್ಥಳದ ಛತ್ರಗಳಲ್ಲಿ, ಸಣ್ಣ ಊರಿನ ಲಾಡ್ಜ್‌ಗಳಲ್ಲಿ ಒಂಟಿಯಾಗಿ ಬಂದವರಿಗೆ ರೂಮ್ ಕೊಡಲು ಹಿಂಜರಿಯುತ್ತಾರೆ. ಹಿಂದೆ ಆಗಿರಬಹುದಾದ ದುರ್ಘಟನೆಗಳ ಭಯ ಅದು, ನಿಮ್ಮ ಮೇಲಿನ ಅನುಮಾನ ಅಲ್ಲ. ಜಗಳ ಆಡಬೇಡಿ. ಹಿಂದಿನ ದಿನವೇ ಫೋನ್ ಮಾಡಿ, 'ಒಬ್ಬನೇ ಬರ್ತಿದ್ದೀನಿ, ಡಾರ್ಮಿಟರಿ ಇದೆಯಾ?' ಅಂತ ಕೇಳಿ. ರೂಮ್ ಇಲ್ಲ ಅಂದವರೂ ಹಾಲ್‌ನಲ್ಲಿ ಚಾಪೆ ಕೊಡುತ್ತಾರೆ. ಮನೆಯವರ ಜೊತೆ ಫೋನಿನಲ್ಲಿ ಮಾತಾಡಿಸುತ್ತೇನೆ ಅಂದರೆ ಎಷ್ಟೋ ಕಡೆ ಒಪ್ಪುತ್ತಾರೆ. ಆಧಾರ್ ಕಾರ್ಡಿನ ಎರಡು ಝೆರಾಕ್ಸ್ ಬ್ಯಾಗಿನಲ್ಲಿ ಯಾವಾಗಲೂ ಇರಲಿ.

ದೇವಸ್ಥಾನದಲ್ಲಿ ಊಟ ಮಾಡ್ಕೊಂಡು ಊರು ಸುತ್ತೋದು ತಪ್ಪಲ್ವಾ? ಮುಜುಗರ ಆಗುತ್ತೆ.

ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಗೌರವ ಇದೆ. ತಪ್ಪಲ್ಲ. ಧರ್ಮಸ್ಥಳದ ಅನ್ನಪೂರ್ಣ ಛತ್ರ, ಹೊರನಾಡು, ಕಟೀಲು, ಕುಕ್ಕೆ, ಉಡುಪಿ ಕೃಷ್ಣ ಮಠ, ಶೃಂಗೇರಿ, ತುಮಕೂರಿನ ಸಿದ್ಧಗಂಗಾ ಮಠ, ಎಲ್ಲೂ 'ಯಾಕೆ ಬಂದೆ, ಯಾವ ಊರು, ಎಷ್ಟು ದುಡ್ಡಿದೆ' ಅಂತ ಕೇಳುವುದಿಲ್ಲ. ದಾರಿಹೋಕರಿಗೆ ಅನ್ನ ಹಾಕುವುದೇ ಅವರ ಉದ್ದೇಶ. ಅಮೃತಸರದ ಸ್ವರ್ಣಮಂದಿರದ ಲಂಗರ್ ಹಗಲು ರಾತ್ರಿ ನಡೆಯುತ್ತದೆ. ಅಲ್ಲಿ ಯಾರು ಬೇಕಾದರೂ ಕೂತು ಉಣ್ಣಬಹುದು, ಯಾರು ಬೇಕಾದರೂ ಪಾತ್ರೆ ತೊಳೆಯಬಹುದು.

ಆದರೆ ಕೆಲವು ವಿಷಯ ಮನಸ್ಸಿನಲ್ಲಿರಲಿ. ಅಲ್ಲಿನ ಸಮಯ, ಉಡುಪಿನ ನಿಯಮ ಪಾಲಿಸಿ. ಬೇಕಾದಷ್ಟೇ ಹಾಕಿಸಿಕೊಳ್ಳಿ, ಎಲೆಯಲ್ಲಿ ಬಿಡಬೇಡಿ. ಪಂಕ್ತಿಯಲ್ಲಿ ಕೂತವರ ವಿಡಿಯೋ ತೆಗೆಯಬೇಡಿ. ಬಡಿಸುವುದಕ್ಕೋ ತರಕಾರಿ ಹೆಚ್ಚುವುದಕ್ಕೋ ಜನ ಬೇಕಾ ಅಂತ ಕೇಳಿ. ಕೈಲಾದಷ್ಟು ಹುಂಡಿಗೆ ಹಾಕಿ, ಇಪ್ಪತ್ತು ರೂಪಾಯಿಯಾದರೂ ಸರಿ. ದಿನವೂ ದಾಸೋಹದ ಲೆಕ್ಕದಲ್ಲೇ ಪ್ರವಾಸ ಹಾಕಿಕೊಂಡು, ಉಳಿಸಿದ ದುಡ್ಡನ್ನು ಪಾರ್ಟಿಗೆ ಖರ್ಚು ಮಾಡುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ಬೇರೆ ಊಟದ ಖರ್ಚು ಕಡಿಮೆ ಮಾಡೋದು ಹೇಗೆ?

ಮೊದಲ ದಿನದ ಬುತ್ತಿ ಮನೆಯಿಂದ ಕಟ್ಟಿಸಿಕೊಳ್ಳಿ. ಚಪಾತಿ, ಪುಳಿಯೋಗರೆ, ಖಡಕ್ ರೊಟ್ಟಿ, ಚಟ್ನಿಪುಡಿ ಕೆಡುವುದಿಲ್ಲ. ಖಡಕ್ ರೊಟ್ಟಿ ದೆಹಲಿಯವರೆಗೂ ಬರುತ್ತದೆ. ನೀರಿನ ಬಾಟಲಿ ಕೊಳ್ಳಬೇಡಿ, ತುಂಬಿಸಿಕೊಳ್ಳಿ. ಬೆಂಗಳೂರು ಮತ್ತು ಎಷ್ಟೋ ಜಿಲ್ಲಾ ಕೇಂದ್ರಗಳಲ್ಲಿ ಇಂದಿರಾ ಕ್ಯಾಂಟೀನ್ ಇದೆ, ತಿಂಡಿ 5 ರೂಪಾಯಿ, ಊಟ 10. ಬಸ್ ನಿಲ್ದಾಣದ ಎದುರಿನ ಹೋಟೆಲ್‌ಗಿಂತ ಎರಡು ಬೀದಿ ಒಳಗಿನ ಮೆಸ್ ಯಾವಾಗಲೂ ಅಗ್ಗ.

ಒಬ್ಬಳೇ ಹೋಗಬೇಕು ಅಂತ ಆಸೆ. ಭಯ ಆಗುತ್ತೆ. ದುಡ್ಡೂ ಕಡಿಮೆ.

ಭಯ ಸಹಜ, ಅದಕ್ಕೆ ಕಾರಣಗಳೂ ನಿಜ. ದುಡ್ಡು ಉಳಿಸುವ ಸಲಹೆಗಳಲ್ಲಿ ಕೆಲವನ್ನು ನೀವು ಬಿಟ್ಟುಬಿಡಬೇಕಾಗುತ್ತದೆ. ಮಧ್ಯರಾತ್ರಿ ಇಳಿಸುವ ರೈಲು ಅಗ್ಗವಾದರೂ ಬೇಡ. ಬೆಳಕಿರುವಾಗ ತಲುಪುವ ಹಾಗೆ ಟಿಕೆಟ್ ಮಾಡಿ. ಉಳಿಯುವ ಜಾಗಕ್ಕೆ ನೂರಿನ್ನೂರು ಜಾಸ್ತಿ ಕೊಟ್ಟರೂ ಪರವಾಗಿಲ್ಲ, ಹೆಣ್ಣುಮಕ್ಕಳ ಡಾರ್ಮಿಟರಿ ಇರುವ ಹಾಸ್ಟೆಲ್ ನೋಡಿ. ದೊಡ್ಡ ಊರುಗಳ ವೈಡಬ್ಲ್ಯುಸಿಎ ವಸತಿಗೃಹಗಳನ್ನೂ ವಿಚಾರಿಸಿ. ಜನರಲ್‌ನಲ್ಲಿ ಹೋಗುವುದಾದರೆ ಮಹಿಳೆಯರ ಬೋಗಿ ಎಲ್ಲಿದೆ ನೋಡಿಕೊಳ್ಳಿ. ರೈಲಿನಲ್ಲಿ ತೊಂದರೆಯಾದರೆ 139, ಎಲ್ಲೇ ಆದರೂ 112.

ಮೊದಲ ಸಲಕ್ಕೆ ಮೈಸೂರು, ಉಡುಪಿಯಂಥ ಊರು ಒಳ್ಳೆಯದು. ಹೆಣ್ಣುಮಕ್ಕಳು ಓದಲು, ಕೆಲಸಕ್ಕೆ ಬಂದು ಒಬ್ಬರೇ ಓಡಾಡುವುದು ಅಲ್ಲಿಯವರಿಗೆ ಹೊಸದಲ್ಲ. ದಾರಿ ಕೇಳುವಾಗ ಹೂ ಮಾರುವ ಅಮ್ಮಂದಿರನ್ನು, ಬಸ್ಸಿನಲ್ಲಿ ಪಕ್ಕ ಕೂತ ಅಕ್ಕಂದಿರನ್ನು ಕೇಳಿ. ಅವರು ದಾರಿಯ ಜೊತೆಗೆ ಎಲ್ಲಿ ಹೋಗಬಾರದು ಅನ್ನುವುದನ್ನೂ ಹೇಳುತ್ತಾರೆ. ಮನಸ್ಸಿಗೆ ಸರಿ ಬರದ ಜಾಗದಿಂದ ಕಾರಣ ಹುಡುಕುತ್ತಾ ಕೂರದೆ ಎದ್ದು ಬನ್ನಿ.

ದಾರಿ ಮಧ್ಯೆ ದುಡ್ಡು ಖಾಲಿಯಾದ್ರೆ, ಫೋನ್ ಕಳೆದ್ರೆ?

ವಾಪಸ್ ಟಿಕೆಟನ್ನು ಹೊರಡುವ ಮುಂಚೆಯೇ ಮಾಡಿ. 500 ರೂಪಾಯಿಯನ್ನು ಪರ್ಸಿನಲ್ಲಿ ಅಲ್ಲ, ಬ್ಯಾಗಿನ ಬೇರೆ ಮೂಲೆಯಲ್ಲಿ ಇಡಿ. ಮಲೆನಾಡಿನಲ್ಲಿ, ಹಿಮಾಲಯದಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ಫೋನ್ ಪೇ ನಡೆಯುವುದಿಲ್ಲ, ನಗದು ಬೇಕು. ಎರಡು ಫೋನ್ ನಂಬರ್ ಬಾಯಿಪಾಠ ಇರಲಿ. ದುಡ್ಡು ಕಳೆದರೆ ಮನೆಗೆ ಹೇಳಿ. ಬೈಯುತ್ತಾರೆ, ಆದರೆ ಕಳಿಸುತ್ತಾರೆ.

## ಇನ್ನೂ ದೂರ ಹೋಗುವವರಿಗೆ

ಹಿಮಾಲಯದಲ್ಲಿ ಟ್ರೆಕ್ ಮಾಡಬೇಕು. ಕಂಪನಿಗಳು ಹದಿನೈದು ಇಪ್ಪತ್ತು ಸಾವಿರ ಕೇಳ್ತಾರೆ. ಅಷ್ಟಿಲ್ಲ.

ಇದಕ್ಕೆ ಬೇರೆ ದಾರಿಗಳಿವೆ, ಅವು ಕಂಪನಿಗಳಿಗಿಂತ ಹಳೆಯವು.

ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಪ್ರತಿ ವರ್ಷ ರಾಷ್ಟ್ರಮಟ್ಟದ ಟ್ರೆಕ್‌ಗಳನ್ನು ನಡೆಸುತ್ತದೆ. ಬೇಸಿಗೆಯಲ್ಲಿ ಹಿಮಾಚಲದ ಕಸೋಲ್‌ನಿಂದ ಹೊರಡುವ ಸಾರ್ ಪಾಸ್ (ಬೆಟ್ಟಗಳ ನಡುವಿನ ಎತ್ತರದ ದಾರಿ) ಇವುಗಳಲ್ಲಿ ಹೆಸರುವಾಸಿ, ಎತ್ತರ ಸುಮಾರು 13,800 ಅಡಿ. ಟೆಂಟು, ಊಟ, ಮಾರ್ಗದರ್ಶಕ ಎಲ್ಲ ಸೇರಿಯೂ ಖಾಸಗಿಯವರಿಗಿಂತ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಗುಂಪು ದೊಡ್ಡದು, ಸೌಕರ್ಯ ಸರಳ. ತಟ್ಟೆ ನೀವೇ ತೊಳೆಯಬೇಕು. ದೇಶದ ಬೇರೆ ಬೇರೆ ಮೂಲೆಯವರ ಜೊತೆ ಒಂದೇ ಟೆಂಟಿನಲ್ಲಿ ಮಲಗುವುದು ಇದರಲ್ಲಿ ಸಿಗುವ ದೊಡ್ಡ ಲಾಭ. ಯಶವಂತಪುರದಿಂದ ಚಂಡೀಗಢಕ್ಕೆ ಸಂಪರ್ಕ ಕ್ರಾಂತಿ ರೈಲು, ಅಲ್ಲಿಂದ ಹಿಮಾಚಲದ ಸರ್ಕಾರಿ ಬಸ್ಸು.

ನಿಜವಾದ ಆಸಕ್ತಿ ಇದ್ದರೆ ಬೇಸಿಕ್ ಮೌಂಟನಿಯರಿಂಗ್ ಕೋರ್ಸ್ ಮಾಡಿ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ 1965ರದ್ದು, ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟನಿಯರಿಂಗ್ ಇನ್‌ಸ್ಟಿಟ್ಯೂಟ್ 1954ರದ್ದು. ತೇನ್‌ಸಿಂಗ್ ನೋರ್ಗೆ, ಎವರೆಸ್ಟ್ ಹತ್ತಿದವರು, ಕಲಿಸುತ್ತಿದ್ದ ಜಾಗ ಡಾರ್ಜಿಲಿಂಗ್‌ನದು. ಸುಮಾರು ನಾಲ್ಕು ವಾರದ ಕೋರ್ಸು. ವಸತಿ, ಊಟ, ಹಗ್ಗ, ಬೂಟು ಎಲ್ಲ ಅವರೇ ಕೊಡುತ್ತಾರೆ, ಭಾರತೀಯರಿಗೆ ಶುಲ್ಕ ಸರ್ಕಾರಿ ಸಹಾಯದಿಂದ ಕಡಿಮೆ ಇದೆ. ಸೀಟು ತಿಂಗಳುಗಳ ಮೊದಲೇ ತುಂಬುತ್ತದೆ, ಮೊದಲೇ ಅರ್ಜಿ ಹಾಕಿ. ಹೋಗುವ ಮುಂಚೆ ದಿನವೂ ಓಡಿ. ತಯಾರಿ ಇಲ್ಲದೆ ಹೋದವರು ಮೊದಲ ವಾರವೇ ಸೋಲುತ್ತಾರೆ.

ನಮ್ಮಲ್ಲೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದು. ಬಂಡೆ ಹತ್ತುವುದು, ಜಲಸಾಹಸ, ಚಾರಣದ ಶಿಬಿರ ನಡೆಸುತ್ತಾರೆ. ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಇನ್ನು ಪಶ್ಚಿಮ ಘಟ್ಟದ ಚಾರಣ. ಕುಮಾರ ಪರ್ವತ, ಕುದುರೆಮುಖ, ನೇತ್ರಾವತಿ ಇವಕ್ಕೆಲ್ಲ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಬೇಕು. ದಿನಕ್ಕೆ ಇಷ್ಟೇ ಜನ ಅನ್ನುವ ಮಿತಿ ಇದೆ. ದುಡ್ಡು ಉಳಿಸಲು ಕಳ್ಳದಾರಿಯಲ್ಲಿ ಹತ್ತಬೇಡಿ. ಕಾಡಿಗೆ ಆ ಮಿತಿ ಬೇಕು.

ಕಾಲೇಜಲ್ಲಿ ಎನ್‌ಸಿಸಿ, ಎನ್‌ಎಸ್‌ಎಸ್ ಇದೆ. ಸೇರಿದ್ರೆ ಪ್ರವಾಸ ಸಿಗುತ್ತಾ?

ಸಿಗುತ್ತದೆ, ಖರ್ಚೂ ಸರ್ಕಾರದ್ದೇ. ಎನ್‌ಸಿಸಿ ಕೆಡೆಟ್‌ಗಳಿಗೆ ಬೇರೆ ರಾಜ್ಯಗಳಲ್ಲಿ ಏಕ್ ಭಾರತ್ ಶ್ರೇಷ್ಠ ಭಾರತ್ ಶಿಬಿರ, ಚಾರಣ ಶಿಬಿರ, ದೆಹಲಿಯ ಗಣರಾಜ್ಯೋತ್ಸವ ಶಿಬಿರ ಇರುತ್ತವೆ. ತೀರಾ ಚೆನ್ನಾಗಿ ಮಾಡಿದ ಕೆಲವರು ಯುವ ವಿನಿಮಯದಲ್ಲಿ ವಿದೇಶಕ್ಕೂ ಹೋಗುತ್ತಾರೆ. ಎನ್‌ಎಸ್‌ಎಸ್‌ನಲ್ಲಿ ರಾಷ್ಟ್ರೀಯ ಭಾವೈಕ್ಯ ಶಿಬಿರ, ಹಿಮಾಚಲದ ಸಾಹಸ ಶಿಬಿರ ಇವೆ. 2023ರಲ್ಲಿ ಶುರುವಾದ ಯುವ ಸಂಗಮ್‌ನಲ್ಲಿ 18ರಿಂದ 30 ವಯಸ್ಸಿನವರನ್ನು ಬೇರೆ ರಾಜ್ಯಕ್ಕೆ ಕರೆದುಕೊಂಡು ಹೋಗುತ್ತಾರೆ. ಅದಕ್ಕೆ ಆನ್‌ಲೈನ್ ಅರ್ಜಿ.

ಪ್ರವಾಸಕ್ಕೆ ಅಂತಲೇ ಎನ್‌ಸಿಸಿ ಸೇರಿದರೆ ಬೆಳಗಿನ ಪರೇಡ್ ಭಾರವಾಗುತ್ತದೆ. ಆ ಶಿಸ್ತು ಇಷ್ಟವಾದರೆ ಮಾತ್ರ ಸೇರಿ. ಸಣ್ಣ ಊರಿನ ಕಾಲೇಜಿನವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಮನೆಯಲ್ಲಿ ಒಪ್ಪಿಸುವುದು ಸುಲಭ, ಜೊತೆಗೆ ಪ್ರಮಾಣಪತ್ರ ಮುಂದೆ ಕೆಲಸಕ್ಕೂ ಬರುತ್ತದೆ.

ಹಾಸ್ಟೆಲ್‌ನಲ್ಲಿ ಕೆಲಸ ಮಾಡಿ ಪುಕ್ಕಟೆ ಉಳಿಯಬಹುದು ಅಂತಾರೆ. ನಂಬಬಹುದಾ?

ನಂಬಬಹುದು, ಷರತ್ತು ಓದಿದ ಮೇಲೆ. ದಿನಕ್ಕೆ ನಾಲ್ಕೈದು ಗಂಟೆ ರಿಸೆಪ್ಷನ್ ನೋಡುವುದು, ಗೋಡೆಗೆ ಚಿತ್ರ ಬಿಡಿಸುವುದು, ಫೋಟೋ ತೆಗೆಯುವುದು. ಅದಕ್ಕೆ ಬದಲು ಹಾಸಿಗೆ, ಕೆಲವು ಕಡೆ ಊಟ. ವರ್ಕಾವೇ, ವರ್ಲ್ಡ್‌ಪ್ಯಾಕರ್ಸ್‌ನಂಥ ತಾಣಗಳಲ್ಲಿ ಸದಸ್ಯತ್ವಕ್ಕೆ ದುಡ್ಡು ಕೊಡಬೇಕು. ಎಷ್ಟೋ ಹಾಸ್ಟೆಲ್‌ಗಳು ನೇರವಾಗಿ ಇನ್‌ಸ್ಟಾಗ್ರಾಮ್‌ನಲ್ಲೇ ಕರೆಯುತ್ತವೆ, ಮೊದಲು ಅಲ್ಲಿ ಕೇಳಿ. ಗಂಟೆ ಎಷ್ಟು, ವಾರಕ್ಕೆ ರಜೆ ಎಷ್ಟು, ಊಟ ಯಾವ ಹೊತ್ತು, ಎಲ್ಲವನ್ನೂ ಬರವಣಿಗೆಯಲ್ಲಿ ಪಡೆಯಿರಿ. ದಿನಕ್ಕೆ ಎಂಟು ಗಂಟೆ ದುಡಿಸಿ ಹಾಸಿಗೆ ಮಾತ್ರ ಕೊಟ್ಟರೆ ಅದು ಸಂಬಳವಿಲ್ಲದ ಚಾಕರಿ, ಬಿಟ್ಟು ಬನ್ನಿ.

ಮಣ್ಣಿನ ಕೆಲಸ ಇಷ್ಟ ಇರುವವರಿಗೆ ಪುದುಚೇರಿ ಬಳಿಯ ಆರೋವಿಲ್ ಹತ್ತಿರದ ಸಾಧನಾ ಫಾರೆಸ್ಟ್ ಇದೆ. 2003ರಿಂದ ಬರಡು ನೆಲದಲ್ಲಿ ಕಾಡು ಬೆಳೆಸುತ್ತಿದ್ದಾರೆ. ಸ್ವಯಂಸೇವಕರಾಗಿ ಅಲ್ಲೇ ಉಳಿದು ಕೆಲಸ ಮಾಡಬಹುದು.

ವಿದೇಶದಲ್ಲಿ ಹೀಗೆ ಮಾಡುವ ಮುಂಚೆ ಎಚ್ಚರ. ಹಾಸಿಗೆಗಾಗಿ ಮಾಡುವ ಕೆಲಸವನ್ನೂ ಬಹಳ ದೇಶಗಳು ಕೆಲಸ ಅಂತಲೇ ಲೆಕ್ಕ ಹಾಕುತ್ತವೆ. ಟೂರಿಸ್ಟ್ ವೀಸಾದಲ್ಲಿ ಅದಕ್ಕೆ ಅವಕಾಶ ಇರುವುದಿಲ್ಲ.

ಸಾಲ ಮಾಡಿ, ಇಎಂಐ ಮೇಲೆ ಹೋಗಿ ಬರಲಾ?

ಬೇಡ. ಪ್ರವಾಸಕ್ಕೆ ಕಾಯಬಹುದು. ತಿಂಗಳಿಗೆ ಐನೂರು ಎತ್ತಿಟ್ಟರೆ ನಾಲ್ಕು ತಿಂಗಳಿಗೆ ಒಂದು ಹಂಪಿ ಆಗುತ್ತದೆ.

ಒಂದೇ ಟಿಕೆಟಿನಲ್ಲಿ ಹಲವು ಊರು ಇಳಿದು ಹೋಗೋಕೆ ಆಗುತ್ತಾ?

ಆಗುತ್ತದೆ. ರೈಲ್ವೆ ದರದ ಲೆಕ್ಕ ಹೀಗಿದೆ: ದೂರ ಹೆಚ್ಚಾದಷ್ಟೂ ಪ್ರತಿ ಕಿಲೋಮೀಟರಿಗೆ ಬೀಳುವ ದುಡ್ಡು ಕಡಿಮೆ. ಹಾಗಾಗಿ ನಾಲ್ಕು ಬಿಡಿ ಟಿಕೆಟಿಗಿಂತ ಒಂದು ಉದ್ದ ಟಿಕೆಟ್ ಅಗ್ಗ.

ಮೊದಲನೆಯದು ಬ್ರೇಕ್ ಜರ್ನಿ. 500 ಕಿ.ಮೀ.ಗಿಂತ ಹೆಚ್ಚಿನ ಟಿಕೆಟ್ ಇದ್ದರೆ, 500 ಕಿ.ಮೀ. ಹೋದ ಮೇಲೆ ಒಂದು ಕಡೆ ಇಳಿದು ಎರಡು ದಿನದವರೆಗೆ ಇರಬಹುದು. 1000 ಕಿ.ಮೀ. ದಾಟಿದ ಟಿಕೆಟಿಗೆ ಎರಡು ಸಲ. ಇಳಿದ ಸ್ಟೇಷನ್‌ನಲ್ಲಿ ಟಿಕೆಟ್ ಮೇಲೆ ಬರೆಸಿಕೊಳ್ಳಬೇಕು. ರಾಜಧಾನಿ, ಶತಾಬ್ದಿಯಂಥ ರೈಲುಗಳಲ್ಲಿ ಇದು ಇಲ್ಲ. ಮುಂದಿನ ದಾರಿಗೂ ಸೀಟು ಬೇಕಾದರೆ ಟಿಕೆಟ್ ಮಾಡುವಾಗಲೇ ಕೌಂಟರ್‌ನಲ್ಲಿ ಹೇಳಿ.

ಎರಡನೆಯದು ಸರ್ಕ್ಯುಲರ್ ಜರ್ನಿ ಟಿಕೆಟ್. ಹೊರಟ ಊರಿಗೇ ವಾಪಸ್ ಬರುವಂತೆ ಒಂದು ಸುತ್ತು ಹಾಕಿಕೊಳ್ಳಬೇಕು, ನಡುವೆ ಎಂಟು ಕಡೆಯವರೆಗೆ ಇಳಿಯಬಹುದು. ಉದಾಹರಣೆಗೆ ಬೆಂಗಳೂರಿನಿಂದ ಹುಬ್ಬಳ್ಳಿ, ಮುಂಬೈ, ಅಹಮದಾಬಾದ್, ಜೈಪುರ, ದೆಹಲಿ, ಆಗ್ರಾ, ನಾಗಪುರ ಮೇಲೆ ಮತ್ತೆ ಬೆಂಗಳೂರು. ಇದು ಆಪ್‌ನಲ್ಲಿ ಸಿಗುವುದಿಲ್ಲ. ಮಾರ್ಗವನ್ನು ಬರೆದುಕೊಂಡು ವಿಭಾಗೀಯ ರೈಲ್ವೆ ಕಚೇರಿಯ ವಾಣಿಜ್ಯ ವಿಭಾಗಕ್ಕೆ ಅರ್ಜಿ ಕೊಡಬೇಕು. ನಮ್ಮಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಆ ಕಚೇರಿಗಳಿವೆ. ಅವರು ಲೆಕ್ಕ ಹಾಕಿ ಕೊಟ್ಟ ಮೇಲೆ ಸ್ಟೇಷನ್‌ನಲ್ಲಿ ಟಿಕೆಟ್, ಆಮೇಲೆ ಪ್ರತಿ ಹಂತಕ್ಕೂ ರಿಸರ್ವೇಶನ್. ಎರಡು ಮೂರು ಸಲ ಓಡಾಡಬೇಕಾಗಬಹುದು. ಪದವಿ ಮುಗಿಸಿ ಕೆಲಸಕ್ಕೆ ಸೇರುವ ನಡುವೆ ಒಂದು ತಿಂಗಳು ಸಿಕ್ಕವರು ಆ ತೊಂದರೆ ತೆಗೆದುಕೊಳ್ಳಲೇಬೇಕು. ಆ ತಿಂಗಳು ಮುಂದೆ ಮತ್ತೆ ಸಿಗುವುದು ಕಷ್ಟ.

ಈಶಾನ್ಯ ರಾಜ್ಯಗಳಿಗೆ ಹೋಗೋಕೆ ಅನುಮತಿ ಬೇಕಾ?

ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರಕ್ಕೆ ಇನ್ನರ್ ಲೈನ್ ಪರ್ಮಿಟ್ ಬೇಕು. ಶುಲ್ಕ ಕಡಿಮೆ, ಆನ್‌ಲೈನ್‌ನಲ್ಲೇ ಸಿಗುತ್ತದೆ. ಅಸ್ಸಾಂ, ಮೇಘಾಲಯ, ತ್ರಿಪುರಕ್ಕೆ ಬೇಡ. ಅಲ್ಲಿ ಶೇರ್ ಸುಮೊಗಳೇ ನಮ್ಮ ಬಸ್ಸು ಇದ್ದ ಹಾಗೆ. ಬೆಳಿಗ್ಗೆ ಬೇಗ ಹೊರಡುತ್ತವೆ.

ಪಾಸ್‌ಪೋರ್ಟ್ ಇಲ್ಲ. ಆದ್ರೂ ವಿದೇಶ ನೋಡಬಹುದಾ?

ನೇಪಾಳ, ಭೂತಾನ್ ನೋಡಬಹುದು. ಎರಡಕ್ಕೂ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ನಡೆಯುತ್ತದೆ. ಆಧಾರ್ ನೆಚ್ಚಿಕೊಂಡು ಹೋಗಬೇಡಿ. 18 ತುಂಬಿದ ತಕ್ಷಣ ಓಟರ್ ಐಡಿ ಮಾಡಿಸುವುದಕ್ಕೆ ಇದೂ ಒಂದು ಕಾರಣ.

ನೇಪಾಳಕ್ಕೆ ಭೂಮಾರ್ಗ ಅಗ್ಗ. ಯಶವಂತಪುರದಿಂದ ಗೋರಖಪುರಕ್ಕೆ ನೇರ ರೈಲಿದೆ. ಅಲ್ಲಿಂದ ಸುಮಾರು 100 ಕಿ.ಮೀ. ಬಸ್ಸಿನಲ್ಲಿ ಸೋನೌಲಿ ಗಡಿ. ಗಡಿಯನ್ನು ನಡೆದೇ ದಾಟಬಹುದು. ಆ ಕಡೆ ಬುದ್ಧ ಹುಟ್ಟಿದ ಲುಂಬಿನಿ ಹತ್ತಿರ, ಅಲ್ಲಿಂದ ಪೋಖರಾಕ್ಕೂ ಕಠ್ಮಂಡುವಿಗೂ ಬಸ್ಸುಗಳಿವೆ. ಭೂತಾನ್ ದುಬಾರಿ. ಭಾರತೀಯರು ಒಂದು ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಗಡಿ ಊರಾದ ಫುಂಟ್‌ಶೋಲಿಂಗ್‌ಗೆ ಮಾತ್ರ ಆ ಶುಲ್ಕ ಇಲ್ಲ. ದುಡ್ಡು ಕಡಿಮೆ ಇದ್ದರೆ ಮೊದಲು ನೇಪಾಳ.

ವಿದೇಶದಲ್ಲಿ ಕೆಲಸ ಮಾಡ್ತಾ ಊರು ಸುತ್ತೋ ವೀಸಾ ನಮಗೂ ಇದೆಯಾ?

ಎರಡು ದೇಶಗಳದ್ದು ಮುಖ್ಯ, ಎರಡೂ ಲಾಟರಿ. ಬ್ರಿಟನ್ನಿನ ಯಂಗ್ ಪ್ರೊಫೆಷನಲ್ಸ್ ಸ್ಕೀಮ್‌ನಲ್ಲಿ ಭಾರತೀಯರಿಗೆ ವರ್ಷಕ್ಕೆ 3,000 ಜಾಗ. ವಯಸ್ಸು 18ರಿಂದ 30, ಪದವಿ ಆಗಿರಬೇಕು, ಎರಡು ವರ್ಷದವರೆಗೆ ಇರಬಹುದು. ಲಾಟರಿಗೆ ಹೆಸರು ಕೊಡುವುದು ಉಚಿತ. ಆದರೆ ಹೆಸರು ಬಂದ ಮೇಲೆ ಖರ್ಚು ದೊಡ್ಡದು. ಖಾತೆಯಲ್ಲಿ 2,530 ಪೌಂಡ್ ತೋರಿಸಬೇಕು, ಜೊತೆಗೆ ವೀಸಾ ಶುಲ್ಕ, ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ. ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾದಲ್ಲಿ ಭಾರತಕ್ಕೆ ವರ್ಷಕ್ಕೆ 1,000 ಜಾಗ, ಅದೇ ವಯಸ್ಸಿನ ಮಿತಿ, ಒಂದು ವರ್ಷದ ಅವಧಿ. ಲಾಟರಿಗೆ 25 ಆಸ್ಟ್ರೇಲಿಯನ್ ಡಾಲರ್. ಎರಡಕ್ಕೂ ಅರ್ಜಿ ಹಾಕುವುದು ಆಯಾ ಸರ್ಕಾರದ ವೆಬ್‌ಸೈಟಿನಲ್ಲೇ. 'ಹೆಸರು ಬರಿಸಿಕೊಡುತ್ತೇವೆ' ಅನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಲಾಟರಿಯಲ್ಲಿ ಯಾರೂ ಹೆಸರು ಬರಿಸಲಾರರು.

ಓದಿನಲ್ಲಿ ಚುರುಕಿರುವವರಿಗೆ ಇದಕ್ಕಿಂತ ಒಳ್ಳೆಯದು ಯುರೋಪಿನ ಇರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್. ಎರಡು ವರ್ಷದ ಸ್ನಾತಕೋತ್ತರ ಪದವಿಯನ್ನು ಕನಿಷ್ಠ ಎರಡು ದೇಶಗಳಲ್ಲಿ ಓದಿಸುತ್ತಾರೆ. ಕಾಲೇಜು ಶುಲ್ಕ ಅವರದೇ, ತಿಂಗಳಿಗೆ 1,400 ಯುರೋ ಖರ್ಚಿಗೂ ಕೊಡುತ್ತಾರೆ. ಪದವಿಯ ಕೊನೆಯ ವರ್ಷದಲ್ಲಿರುವವರೂ ಅರ್ಜಿ ಹಾಕಬಹುದು. ಹೆಚ್ಚಿನ ಕೋರ್ಸುಗಳ ಅರ್ಜಿ ಅಕ್ಟೋಬರ್‌ನಿಂದ ಜನವರಿಯ ನಡುವೆ ಇರುತ್ತದೆ. ಇದಕ್ಕೆ ಪಾಸ್‌ಪೋರ್ಟ್ ಬೇಕೇ ಬೇಕು. 36 ಪುಟದ್ದಕ್ಕೆ 1,500 ರೂಪಾಯಿ, ಅದನ್ನು ಈಗಲೇ ಮಾಡಿಸಿಡಿ.